ಅರ್ಜಿ ಕೊಟ್ಟವರ ಕಥೆ

ನಗರದ ದಂಗೆಯ ಪಾಠ ನಮ್ಮ ಪುಸ್ತಕದಲ್ಲಿ ಬಹಳ ಚಿಕ್ಕದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ, ಕಂದಾಯದ ಭಾರ, ರೈತರ ಬಂಡಾಯ, 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡದ್ದು, ಅಲ್ಲಿಗೆ ಮುಗಿಯಿತು. ಹತ್ತು ನಿಮಿಷದಲ್ಲಿ ಹೇಳಿ ಮುಂದಿನ ಪುಟ ತಿರುಗಿಸಬಹುದು. ಇಪ್ಪತ್ತೈದು ವರ್ಷ ನಾನೂ ಹಾಗೆಯೇ ತಿರುಗಿಸಿದ್ದೇನೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ದಂಗೆ ಮಾಡೋಕೆ ಮುಂಚೆ ಅವರು ಒಂದು ಅರ್ಜಿ ಕೊಡಬಹುದಿತ್ತಲ್ವಾ?" ಎಂದಳು.

ಇಡೀ ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಯಾಕೆಂದರೆ ಅದೇ ತಿಂಗಳು ಭದ್ರಾವತಿಯ ತವರುಮನೆ ಖಾಲಿ ಮಾಡುವಾಗ ಅಮ್ಮನ ತಗಡಿನ ಟ್ರಂಕು ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಸೀರೆ ಇರಲಿಲ್ಲ, ಬೆಳ್ಳಿ ಇರಲಿಲ್ಲ. ಇದ್ದದ್ದು ಅರ್ಜಿಗಳು. ಪ್ರತಿಯೊಂದರ ನೆತ್ತಿಯ ಮೇಲೂ 'ನಕಲು' ಎಂದು ಬರೆದಿತ್ತು. ಅರ್ಧಕ್ಕರ್ಧ ನನ್ನದೇ ಅಕ್ಷರ.

ನಮ್ಮದು ಹೊಸನಗರ ಸೀಮೆಯ ಕಡೆಯ ಮನೆತನ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದು ನಿಂತಾಗ ಅಪ್ಪನ ಮನೆಯ ತೋಟ, ಗದ್ದೆ, ತುಳಸಿಕಟ್ಟೆ ಎಲ್ಲ ಶರಾವತಿಯ ನೀರಿನಡಿ ಹೋದವು. ಭದ್ರಾವತಿ ತಾಲೂಕಿನ ಕಾಡಂಚಿನಲ್ಲಿ ಬದಲಿ ಜಮೀನು ತೋರಿಸಿದರು. ತೋರಿಸಿದರು ಅಷ್ಟೇ, ಹಕ್ಕುಪತ್ರ ಬರಲಿಲ್ಲ. ಅಪ್ಪ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿಕೊಂಡರು. ಅವರು ಬೇಗ ತೀರಿಕೊಂಡ ಮೇಲೆ ಅರ್ಜಿ ಬರೆಸುವ ಕೆಲಸ ಅಮ್ಮನ ತಲೆಗೆ ಬಂತು, ಬರೆಯುವ ಕೆಲಸ ಎಂಟನೇ ಕ್ಲಾಸಿನ ನನ್ನ ಕೈಗೆ. "ಚೆಂದಾಗಿ ಬರಿ ಮಗಾ, ಓದೋರಿಗೆ ಬೇಜಾರಾಗಬಾರ್ದು" ಎನ್ನುತ್ತಿದ್ದಳು ಅಮ್ಮ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು. ಹೋಗಿ ನೋಡಿದರೆ ಅಲ್ಲೂ ಕಾಗದಗಳೇ!

ಆಗಿನ ಕಾಲದ ಸರ್ಕಾರಿ ಕಾಗದಗಳಿಗೆ ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ದಿಕ್ಕು. ಮೇಲಿನಿಂದ ಕೆಳಗೆ ಬರುವುದು ನಿರೂಪ. ಅರಸನೋ ಅಧಿಕಾರಿಯೋ ಕೆಳಗಿನವನಿಗೆ ಕಳಿಸುವ ಅಪ್ಪಣೆ ಅದು. ಕೆಳಗಿನಿಂದ ಮೇಲೆ ಹೋಗುವುದು ಬಿನ್ನವತ್ತಳೆ. ನಾವು ಅರ್ಜಿ ಎನ್ನುತ್ತೇವಲ್ಲ, ಅದರ ಅಚ್ಚಗನ್ನಡದ ಅಕ್ಕ. ಸಮಾನರ ನಡುವೆ, ಅರಸನಿಂದ ಗವರ್ನರ್ ಜನರಲ್‌ಗೆ ಹೋಗುವುದು ಖರೀತ. ರೇಷ್ಮೆಯ ಚೀಲದಲ್ಲಿಟ್ಟು ಮುದ್ರೆ ಹಾಕಿ ಕಳಿಸುತ್ತಿದ್ದರು. ಊರಿನ ಲೆಕ್ಕವೆಲ್ಲ ಶಾನುಭೋಗರ ಕಡತದಲ್ಲಿ. ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟೂ ಇದ್ದಿಲಿನ ಪುಡಿಯೂ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ. ಬಳಪದಲ್ಲಿ ಬರೆಯುವುದು. ಈಗ ನಾವು 'ಫೈಲು' ಎನ್ನುವುದಕ್ಕೆ ಕಡತ ಎಂಬ ಮಾತು ಬಂದದ್ದು ಇದರಿಂದಲೇ. ಸಾಗರದ ಹತ್ತಿರದ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋದರೆ ಗುಂಡಾ ಜೋಯಿಸರು ಊರೂರು ಅಲೆದು ಕೂಡಿಹಾಕಿದ ಇಂಥ ಹಳೆಯ ಬರಹಗಳನ್ನು ನೀವೂ ನೋಡಬಹುದು. ಶೃಂಗೇರಿ ಮಠದ ಕಡತಗಳಲ್ಲಿ ಟಿಪ್ಪು ಸುಲ್ತಾನನ ಕನ್ನಡ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದದ್ದು ಪ್ರಸಿದ್ಧವೇ ಆಗಿದೆ.

ಈ ಕಾಗದಗಳನ್ನು ಹೊರುತ್ತಿದ್ದುದು ಅಂಚೆ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ್ದು. ಓಟದ ಆಳುಗಳು ಒಂದು ಠಾಣ್ಯದಿಂದ ಇನ್ನೊಂದು ಠಾಣ್ಯಕ್ಕೆ ಓಡಿ ಚೀಲ ದಾಟಿಸುತ್ತಿದ್ದರು. ಇದರಲ್ಲಿ ಒಂದು ಗುಟ್ಟಿದೆ. ಅಂಚೆಯವರು ಕಾಗದ ಮಾತ್ರ ಹೊರುತ್ತಿರಲಿಲ್ಲ, ಸುದ್ದಿಯನ್ನೂ ಹೊರುತ್ತಿದ್ದರು. ಯಾವ ಅಧಿಕಾರಿ ಏನು ಮಾಡುತ್ತಿದ್ದಾನೆಂದು ಅರಸರಿಗೆ ವರದಿ ಒಪ್ಪಿಸುವುದೂ ಅವರ ಕೆಲಸವಾಗಿತ್ತು. ಅಂದರೆ ಬಡವನ ಅರ್ಜಿ ದಾರಿಯಲ್ಲಿ ಎಲ್ಲೋ ನಿಂತುಹೋದರೂ ಅವನ ಸಂಕಟದ ಸುದ್ದಿ ಇನ್ನೊಂದು ದಾರಿಯಿಂದ ತಲುಪಲಿ ಎಂಬ ಏರ್ಪಾಡು. ಏರ್ಪಾಡು ಚೆನ್ನಾಗಿಯೇ ಇತ್ತು. ಆದರೆ ಕೇಳುವ ಕಿವಿ ಬೇಕಲ್ಲ?

1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಒಡೆಯರಿಗೆ ಮರಳಿ ಬಂದಾಗ ಕೃಷ್ಣರಾಜರು ಐದು ವರ್ಷದ ಮಗು. ಪೂರ್ಣಯ್ಯನವರು ದಿವಾನರಾಗಿ ಹನ್ನೊಂದು ಹನ್ನೆರಡು ವರ್ಷ ನಡೆಸಿದರು. ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕೆಂದು ಒಪ್ಪಂದ. ಪೂರ್ಣಯ್ಯನವರ ನಂತರ ಖರ್ಚು ಏರಿತು, ಕಂದಾಯದ ವಸೂಲಿಗೆ 'ಶರ್ತಿ' ಎಂಬ ಪದ್ಧತಿ ಗಟ್ಟಿಯಾಯಿತು. ಅಮಲ್ದಾರ ತನ್ನ ತಾಲೂಕಿನಿಂದ ಇಷ್ಟು ಹಣ ತಂದೇ ತರುತ್ತೇನೆಂದು ಶರತ್ತು ಬರೆದುಕೊಡಬೇಕು. ಹೆಚ್ಚು ಬಂದರೆ ಖಜಾನೆಗೆ, ಕಡಿಮೆ ಬಿದ್ದರೆ ಅವನ ಕೈಯಿಂದ. ತನ್ನ ಕೈಯಿಂದ ಕಟ್ಟುವ ಧರ್ಮಾತ್ಮ ಯಾರಿದ್ದಾನೆ? ರೈತನ ಮನೆಯ ಪಾತ್ರೆ, ಎಮ್ಮೆ, ಬಿತ್ತನೆಯ ಬತ್ತಕ್ಕೆ ಕೈ ಹೋಯಿತು.

ನಮ್ಮ ಸೀಮೆ ಆಗ ನಗರದ ಫೌಜುದಾರಿ. ಮೈಸೂರಿನ ಆರು ಫೌಜುದಾರಿಗಳಲ್ಲಿ ಒಂದು. ಇಲ್ಲಿನ ಜನರ ಮನಸ್ಸಿನಲ್ಲಿ ಶಿವಪ್ಪನಾಯಕನ ಶಿಸ್ತು ಕೂತಿತ್ತು. ಹದಿನೇಳನೇ ಶತಮಾನದಲ್ಲಿ ಭೂಮಿಯ ಗುಣ, ಬೆಳೆ ನೋಡಿ ಆತ ಕಟ್ಟಿದ ಕಂದಾಯದ ದರಕ್ಕೆ ಶಿಸ್ತು ಎಂದೇ ಹೆಸರು. ನೂರೆಂಬತ್ತು ವರ್ಷದ ಮೇಲೂ ಅಜ್ಜಂದಿರು ಅದನ್ನೇ ಅಳತೆಗೋಲಾಗಿ ಹಿಡಿದಿದ್ದರು.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ರೈತ ಅರ್ಜಿ ಕೊಡಬೇಕು. ಯಾರಿಗೆ? ಅಮಲ್ದಾರನ ಮೇಲಿನ ದೂರನ್ನು ಅಮಲ್ದಾರನ ಕಚೇರಿಯಲ್ಲೇ ಕೊಡಬೇಕು. ಅದರ ಮೇಲೆ ಫೌಜುದಾರ. ನಗರದಲ್ಲಿ ಬಹಳ ವರ್ಷ ಫೌಜುದಾರನಾಗಿದ್ದ ರಾಮರಾಯನ ನೆಂಟರಿಷ್ಟರೇ ಕೆಳಗಿನ ಹುದ್ದೆಗಳನ್ನೆಲ್ಲ ತುಂಬಿಕೊಂಡಿದ್ದರು. ಭಾವನ ಮೇಲಿನ ದೂರು ಭಾವಮೈದುನನ ಮುಂದೆ! ಅದರ ಮೇಲೆ ಮೈಸೂರಿನ ಅರಮನೆ. ಮಲೆನಾಡಿನ ಮಳೆ ದಾಟಿ ಅಷ್ಟು ದೂರ ಹೋದವನಿಗೆ ಒಳಗೆ ಬಿಡುವವರು ಯಾರು? ಇನ್ನು ಭಾಷೆಯ ಮಾತು ಬೇರೆ. ರೈತನದು ಕನ್ನಡ, ಕಚೇರಿಯ ಲೆಕ್ಕಪತ್ರ ಮರಾಠಿಯಲ್ಲೂ ನಡೆಯುತ್ತಿತ್ತು, ರೆಸಿಡೆಂಟರ ಕಾಗದ ಇಂಗ್ಲಿಷಿನಲ್ಲಿ. ಒಬ್ಬನ ಅಳು ಮೂರು ಭಾಷೆ ದಾಟುವ ಹೊತ್ತಿಗೆ ಒಣಗಿರುತ್ತದೆ. ಮದರಾಸಿನ ಗವರ್ನರ್ ಮನ್ರೋ 1825ರಲ್ಲಿ ಮೈಸೂರಿಗೆ ಬಂದು ಅರಸರಿಗೆ ಎಚ್ಚರಿಕೆ ಹೇಳಿದ್ದ. ಅವನು ಕೇಳಿದ್ದು ವರ್ಷ ವರ್ಷದ ಆಯವ್ಯಯದ ಲೆಕ್ಕವನ್ನು.

ಹಾಗಾಗಿ 1830ರಲ್ಲಿ ಒಂದು ಹೊಸ ಬಗೆಯ ಕಾಗದ ಹುಟ್ಟಿತು. ಕೆಳಗಿನಿಂದ ಮೇಲೆ ಹೋಗುವುದಲ್ಲ, ಮೇಲಿನಿಂದ ಕೆಳಗೆ ಬರುವುದಲ್ಲ. ಊರಿನಿಂದ ಊರಿಗೆ ಅಡ್ಡ ಹೋಗುವುದು! ಕೂಟದ ಕಾಗದ. ಬಸವಾಪಟ್ಟಣದ ಕಡೆ ರೈತರು ಕೂಟ ಸೇರಿದರು. ಒಂದು ಸೀಮೆಯವರು ಇನ್ನೊಂದು ಸೀಮೆಯವರಿಗೆ ಬರೆದು ಕರೆದರು. ಘಟ್ಟದ ಕೆಳಗೆ, ಕಂಪನಿಯ ನೇರ ಆಳ್ವಿಕೆಯಲ್ಲಿದ್ದ ಕೆನರಾದಲ್ಲೂ ಅದೇ ಹೊತ್ತಿಗೆ ಕೂಟಗಳೆದ್ದವು. ಕಾಸರಗೋಡು, ಕುಂಬಳೆ, ಮಂಜೇಶ್ವರದ ರೈತರು ಬೆಳೆ ಹೋಯಿತು, ಕಂದಾಯ ತಗ್ಗಿಸಿ ಎಂದು ಸಾಮೂಹಿಕವಾಗಿ ಅರ್ಜಿ ಬರೆದರು. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ದೊಡ್ಡ ಕೂಟ ಕೂಡಿತು. ಒಬ್ಬನೇ ಬರೆದರೆ ಅದು ಅರ್ಜಿ, ಊರೆಲ್ಲ ಸೇರಿ ಒಂದೇ ಮಾತು ಬರೆದರೆ ಸರ್ಕಾರದ ಕಣ್ಣಿಗೆ ಅದು ಒಳಸಂಚು. ಈ ವ್ಯತ್ಯಾಸವನ್ನು ನೆನಪಿಡಿ.

ಕಾಗದಕ್ಕೆ ಜನ ಎಷ್ಟು ಹಸಿದಿದ್ದರು ಎಂಬುದಕ್ಕೆ ಬೂದಿ ಬಸಪ್ಪನ ಕಥೆಯೇ ಸಾಕ್ಷಿ. ಸದರಮಲ್ಲ ಎಂಬ ಹೆಸರಿನ ಈ ಸಾಮಾನ್ಯ ರೈತ ತಾನು ಕೆಳದಿಯ ಅರಸುಮನೆಯ ವಾರಸುದಾರ ಎಂದು ಹೊರಟ. ಅವನ ಹತ್ತಿರ ಹಳೆಯ ನಗರದ ಮುದ್ರೆಗಳಿದ್ದವು. ಕೆನರಾದ ಅಧಿಕಾರಿಗಳಿಂದ ಪಡೆದ ಒಂದು ರಹದಾರಿಯಿತ್ತು. ಅದರಲ್ಲಿ ಅವನ ಹೆಸರಿನ ಜೊತೆಗೆ ನಗರದ ಒಡೆಯ ಎನ್ನುವ ಬಿರುದು ಸೇರಿಕೊಂಡಿತ್ತು. ಯಾರೋ ಗುಮಾಸ್ತೆ ಕೇಳಿದ್ದನ್ನು ಹಾಗೇ ಬರೆದಿದ್ದನೋ ಏನೋ. ಒಂದು ಚೀಟಿ ಒಬ್ಬ ರೈತನನ್ನು ಅರಸನನ್ನಾಗಿ ಮಾಡಿತು! ಹಳೆಯ ಬಾಕಿ ಪೂರ್ತಿ ಮನ್ನಾ, ವರಹ ಕೊಡುತ್ತಿದ್ದ ಕಡೆ ಇನ್ನು ಮೇಲೆ ಒಂದು ರೂಪಾಯಿ ಸಾಕು ಎಂದು ಅವನು ಮಾತು ಕೊಟ್ಟ. ಜನ ನಂಬಿದರು. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ಸೇರಿಕೊಂಡ. ಅರಸರ ಕಡೆಯವರು ಅಹವಾಲು ಕೇಳಲೂ ಬಂದರು, ಸೈನ್ಯವೂ ಬಂತು, ಗುಂಡೂ ಹಾರಿತು. ಕೊನೆಗೆ ಕಂಪನಿಯ ಪಡೆ ಬಂದು 1831ರ ಮಳೆಗಾಲದ ಆರಂಭಕ್ಕೆ ನಗರದ ಕೋಟೆ ಹಿಡಿಯಿತು.

ಇಲ್ಲಿ ನಿಮ್ಮನ್ನು ಒಂದು ಗಳಿಗೆ ಬಹಳ ದೂರ ಕರೆದುಕೊಂಡು ಹೋಗುತ್ತೇನೆ, ಐರ್ಲೆಂಡಿಗೆ. ಕಾರಣವಿದೆ. ಮೈಸೂರಿನ 1799ರ ಒಪ್ಪಂದ ಬರೆಸಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಐರ್ಲೆಂಡಿನಲ್ಲಿ ಹುಟ್ಟಿದವನು. ಅವನ ತಮ್ಮ ಆರ್ಥರ್ ವೆಲ್ಲೆಸ್ಲಿ 1800ರಲ್ಲಿ ಚನ್ನಗಿರಿಯ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದವನು. ಈ ಆರ್ಥರ್ 1807ರಲ್ಲಿ ಡಬ್ಲಿನ್ನಿನಲ್ಲಿ ಮುಖ್ಯ ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತ. ಅಣ್ಣ ರಿಚರ್ಡ್ 1821ರಿಂದ 1828ರವರೆಗೆ ಅಲ್ಲಿನ ರಾಜಪ್ರತಿನಿಧಿ. ನಮ್ಮ ಸೀಮೆಯ ಹಣೆಬರಹ ಬರೆದ ಕೈಗಳೇ ಅಲ್ಲಿನ ಬಡವರ ಅರ್ಜಿಗಳನ್ನೂ ತೆಗೆದುಕೊಂಡವು.

ಅಲ್ಲಿನ ಕಥೆಯೂ ನಮ್ಮದರ ಹಾಗೆಯೇ. ಕ್ಯಾಥೊಲಿಕ್ ರೈತರು ತಮ್ಮದಲ್ಲದ ಪ್ರಾಟೆಸ್ಟೆಂಟ್ ಚರ್ಚಿಗೆ ಬೆಳೆಯ ಹತ್ತನೇ ಒಂದು ಪಾಲು ಕೊಡಬೇಕು. ಜನ ಡಬ್ಲಿನ್ ಕೋಟೆಯ ಕಚೇರಿಗೆ ಅರ್ಜಿ ಬರೆದರು. ಸೆರೆಯಲ್ಲಿದ್ದವನ ಹೆಂಡತಿ, ಕೆಲಸವಿಲ್ಲದ ನೇಯ್ಗೆಯವ, ಮಕ್ಕಳೊಂದಿಗನ ವಿಧವೆ, ಎಲ್ಲರೂ 'ದೀನ ಅರ್ಜಿದಾರರು'. ಅಕ್ಷರ ಬಾರದವರಿಗೆ ಬರೆದುಕೊಡುತ್ತಿದ್ದವರಲ್ಲಿ ಬೇಲಿಯ ಮರೆಯಲ್ಲಿ ಪಾಠ ಹೇಳುತ್ತಿದ್ದ ಬಡ ಮೇಷ್ಟ್ರುಗಳೂ ಇದ್ದರು, ನಮ್ಮ ಕೂಲಿಮಠದ ಐಗಳ ಹಾಗೆ. ಅರ್ಜಿಗೆ ಉತ್ತರ ಬಾರದೆ ಹೋದಾಗ ಬೇರೆ ಕಾಗದಗಳು ಹುಟ್ಟಿದವು. 1821ರ ನಂತರ 'ಕ್ಯಾಪ್ಟನ್ ರಾಕ್' ಎಂಬ ಯಾರೂ ಕಾಣದ ನಾಯಕನ ಹೆಸರಿನಲ್ಲಿ ಬೆದರಿಕೆಯ ಪತ್ರಗಳು ಬಾಗಿಲುಗಳ ಮೇಲೆ ಕಾಣಿಸಿಕೊಂಡವು. ಅವನ್ನು ಬರೆದವರು ಮೇಷ್ಟ್ರುಗಳೇ ಎಂಬ ಗುಮಾನಿ ಸರ್ಕಾರಕ್ಕಿತ್ತು! ನಮ್ಮಲ್ಲಿ ಕೂಟಗಳು ನಡೆಯುತ್ತಿದ್ದ 1830–31ರಲ್ಲೇ ಅಲ್ಲಿ ಕಿಲ್ಕೆನ್ನಿ ಸೀಮೆಯಲ್ಲಿ ಆ ಹತ್ತನೇ ಪಾಲನ್ನು ಕೊಡುವುದಿಲ್ಲವೆಂದು ರೈತರು ಎದ್ದು ನಿಂತರು. ಒಬ್ಬರಿಗೊಬ್ಬರು ಹೆಸರೂ ಕೇಳಿರದ ಎರಡು ನಾಡಿನ ಜನ ಒಂದೇ ವರ್ಷ ಒಂದೇ ಮಾತು ಆಡಿದರು. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಾಖಲೆಗಳ ಭಂಡಾರ ಸುಟ್ಟುಹೋಯಿತು. ಆದರೆ ಮುಖ್ಯ ಕಾರ್ಯದರ್ಶಿಯ ಕಚೇರಿಯ ಅರ್ಜಿಗಳು ಬೇರೆ ಕಡೆ ಇದ್ದುದರಿಂದ ಉಳಿದವು. ಇಂದಿಗೂ ಆ ವಿಧವೆಯರ ಹೆಸರು ಓದಬಹುದು.

1831ರ ಅಕ್ಟೋಬರ್ ತಿಂಗಳಲ್ಲಿ ಎರಡೂ ನಾಡಿಗೆ ಎರಡು ಪತ್ರಗಳು ಮುಟ್ಟಿದವು. ಐರ್ಲೆಂಡಿನ ಮುಖ್ಯ ಕಾರ್ಯದರ್ಶಿ ಸ್ಟ್ಯಾನ್ಲಿ ಬರೆದ ಪತ್ರದಿಂದ ಅಲ್ಲಿ ಸರ್ಕಾರಿ ಶಾಲೆಗಳು ಹುಟ್ಟಿದವು. ಒಳ್ಳೆಯದೇ. ಆದರೆ ಪಾಠ ಇಂಗ್ಲಿಷಿನಲ್ಲಿ, ಮನೆಮಾತಿಗೆ ಜಾಗವಿಲ್ಲ. ಮೈಸೂರಿಗೆ ಮುಟ್ಟಿದ್ದು ಗವರ್ನರ್ ಜನರಲ್ ಬೆಂಟಿಂಕನ ಪತ್ರ. ಉತ್ತರ ಹಿಂದೂಸ್ತಾನದಲ್ಲಿದ್ದ ಆತ ಸೆಪ್ಟೆಂಬರ್ 7ರ ತಾರೀಖಿನಲ್ಲಿ ಬರೆದದ್ದು. ಆಡಳಿತ ಕೆಟ್ಟಿದೆ, ಕಂಪನಿಗೆ ಬರಬೇಕಾದ ಹಣಕ್ಕೆ ಅಪಾಯವಿದೆ, ಆದ್ದರಿಂದ 1799ರ ಒಪ್ಪಂದದ ಪ್ರಕಾರ ರಾಜ್ಯವನ್ನು ನಾವೇ ವಹಿಸಿಕೊಳ್ಳುತ್ತೇವೆ ಎಂಬುದು ಸಾರಾಂಶ. ವೆಲ್ಲೆಸ್ಲಿ ಬರೆಸಿಟ್ಟ ಒಂದು ಕಲಮು ಮೂವತ್ತೆರಡು ವರ್ಷದ ಮೇಲೆ ಕೆಲಸಕ್ಕೆ ಬಂತು. ಅಕ್ಟೋಬರ್ 19ರಂದು ಮಹಾರಾಜರು ತಕರಾರಿಲ್ಲದೆ ಆಡಳಿತ ಒಪ್ಪಿಸಿದರು.

ಬರೆದು ಮುಗಿಸಿದ ಮೇಲೆ ವಿಚಾರಣೆ! ಹಾಕರ್, ಮಾರಿಸನ್, ಮೆಕ್ಲಿಯೋಡ್, ಕಬ್ಬನ್ ಎಂಬ ನಾಲ್ವರ ಸಮಿತಿ ಕೂತಿತು. 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ದಂಗೆಯ ಕಾರಣಗಳೆಲ್ಲ ಅದರಲ್ಲಿ ಬಂದವು. ನೋಡಿ, ರೈತನ ಮಾತನ್ನು ಮೊಟ್ಟಮೊದಲು ಕೂತು ಕೇಳಿ ಬರೆದುಕೊಂಡದ್ದು ಆಗ. ಅದೂ ಅವನು ಓದಲಾಗದ ಭಾಷೆಯಲ್ಲಿ, ಅವನ ಮನೆ ಸುಟ್ಟುಹೋದ ಮೇಲೆ. ಇತ್ತ ಕಂಪನಿಯ ಹಣ ಕಾಲಕಾಲಕ್ಕೆ ಸಂದಾಯವಾಗಿತ್ತೆಂಬುದೂ ಹೊರಬಂತು. ಬೆಂಟಿಂಕನಿಗೇ ತಾನು ದುಡುಕಿದೆನೇನೋ ಎನ್ನಿಸಿ, ರಾಜ್ಯದ ಒಂದು ಭಾಗವನ್ನು ಮಹಾರಾಜರಿಗೆ ಹಿಂದಿರುಗಿಸೋಣವೆಂದು 1834ರಲ್ಲಿ ಸೂಚಿಸಿದ. ಲಂಡನ್ನಿನವರು ಒಪ್ಪಲಿಲ್ಲ.

ಇಲ್ಲಿಂದ ಮುಂದಿನದೇ ನನ್ನನ್ನು ಹೆಚ್ಚು ಕಾಡಿದ ಭಾಗ. ಯಾರ ಬಾಗಿಲಿಗೆ ರೈತರ ಅರ್ಜಿ ತಲುಪಲಿಲ್ಲವೋ ಆ ಮಹಾರಾಜರೇ ಈಗ ಅರ್ಜಿದಾರರು! ಒಬ್ಬ ಗವರ್ನರ್ ಜನರಲ್ ಹೋಗಿ ಇನ್ನೊಬ್ಬ ಬಂದ ಹಾಗೆ ಖರೀತದ ಮೇಲೆ ಖರೀತ ಹೋದವು. ರೇಷ್ಮೆಯ ಚೀಲ ಬದಲಾಯಿತು, ಒಳಗಿನ ಮಾತು ಒಂದೇ: ನನ್ನ ರಾಜ್ಯ ನನಗೆ ಕೊಡಿ. 1862ರಲ್ಲಿ ಕ್ಯಾನಿಂಗ್ ಆಗುವುದಿಲ್ಲವೆಂದ. ಅವರು ಬಿಡಲಿಲ್ಲ, 1865ರಲ್ಲಿ ದತ್ತು ತೆಗೆದುಕೊಂಡರು, ಮತ್ತೆ ಬರೆದರು. 1867ರಲ್ಲಿ ಲಂಡನ್ನಿನಿಂದ ಒಪ್ಪಿಗೆ ಬಂತು, ಅವರಿಗಲ್ಲ, ದತ್ತುಮಗನಿಗೆ. ಮರುವರ್ಷ ಮಾರ್ಚಿನಲ್ಲಿ ಅವರು ತೀರಿಕೊಂಡರು. ರಾಜ್ಯ ಮರಳಿ ಬಂದದ್ದು 1881ರ ಮಾರ್ಚ್ 25ರಂದು. ಐವತ್ತು ವರ್ಷದ ಅರ್ಜಿ ಅದು. ಅದಕ್ಕೂ ಹಿಂದೆ, ಅವರ ಅಜ್ಜಿ ಲಕ್ಷ್ಮಮ್ಮಣ್ಣಿಯವರು ಹೈದರನ, ಟಿಪ್ಪುವಿನ ಕಣ್ಣು ತಪ್ಪಿಸಿ ತಿರುಮಲರಾಯನ ಮೂಲಕ ಕಂಪನಿಯವರಿಗೆ ಗುಟ್ಟಾಗಿ ಪತ್ರ ಕಳಿಸುತ್ತಾ ಎಷ್ಟೋ ವರ್ಷ ಕಾದಿದ್ದರು. ಆ ಮನೆಯ ಹೆಂಗಸಿಗೆ ಕಾಯುವುದು ಗೊತ್ತಿತ್ತು.

ಕಂಪನಿಯ ಕಮಿಷನರ್ ಕಾಲದಲ್ಲಿ ನಗರ ವಿಭಾಗದ ಕಚೇರಿ ನಮ್ಮ ಶಿವಮೊಗ್ಗದಲ್ಲಿ ಬಂದು ನಿಂತಿತು. ನಮ್ಮೂರು ಕಚೇರಿಗಳ ಊರಾದದ್ದು ಹೀಗೆ. ಅಮ್ಮ ಭದ್ರಾವತಿಯಿಂದ ಬೆಳಗಿನ ಬಸ್ಸಿಗೆ ಬಂದು ಇಲ್ಲಿನ ಒಂದು ಕಚೇರಿಯ ಬೆಂಚಿನಲ್ಲಿ ಕೂರುತ್ತಿದ್ದಳು. ಯಾವ ಕಚೇರಿ ಎಂದು ಹೇಳಿ ಪ್ರಯೋಜನವಿಲ್ಲ, ಬೆಂಚು ಎಲ್ಲ ಕಡೆ ಒಂದೇ. "ಫೈಲು ಮೇಲೆ ಹೋಗಿದೆ" ಎನ್ನುವರು. ಮುಂದಿನ ಸಲ "ಕೆಳಗೆ ಬಂದಿದೆ" ಎನ್ನುವರು. ಒಮ್ಮೆ ನನಗೆ ರೇಗಿ, "ಸಾಕು ಬಿಡಮ್ಮ, ಯಾರು ಓದ್ತಾರೆ ಇದನ್ನ" ಎಂದೆ. ಅಮ್ಮ ನಿಧಾನವಾಗಿ, "ದೇವರ ಮುಂದೆ ಪ್ರಸಾದ ಕೇಳಲ್ವೇನೇ? ಹೂ ಬಲಗಡೆ ಬೀಳೋದು ಅವನಿಗೆ ಬಿಟ್ಟದ್ದು, ಕೇಳೋದು ನಮಗೆ ಬಿಟ್ಟದ್ದು. ನಕಲು ಮಾತ್ರ ಜೋಪಾನವಾಗಿ ಇಡು" ಎಂದಳು.

ಆಗ ಅದು ಅಸಹಾಯಕ ಹೆಂಗಸಿನ ಮಾತು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ನಗರದ ರೈತನ ಕೈಯಲ್ಲಿ ನಕಲು ಉಳಿಯಲಿಲ್ಲ, ಅದಕ್ಕೇ ಅವನ ಕಥೆಯನ್ನು ಅವನ ಮೇಲೆ ವಿಚಾರಣೆ ಮಾಡಿದವರ ಕಾಗದದಿಂದ ತಿಳಿಯಬೇಕಾಗಿದೆ. ಅವನ ಹೆಂಡತಿಯ ಹೆಸರಂತೂ ಅಲ್ಲೂ ಇಲ್ಲ. ಅಮ್ಮನ ಹೆಸರು ಟ್ರಂಕಿನಲ್ಲಿದೆ, ಊರಿನ ಹೆಸರಿದೆ, ಮುಳುಗಿದ ಗದ್ದೆಯ ಚೆಕ್ಕುಬಂದಿ ಇದೆ. ಕಾಗದವೂ ಭದ್ರಾವತಿಯದೇ, ಅಪ್ಪ ಕೆಲಸ ಮಾಡಿದ ಕಾರ್ಖಾನೆಯದು. 1936ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಯ ಯಂತ್ರಗಳು ಈಗ ನಿಂತಿವೆ. ಹಕ್ಕುಪತ್ರ ಇನ್ನೂ ಬಂದಿಲ್ಲ. ನಮ್ಮಂಥ ಸಂಸಾರಗಳು ಈ ಜಿಲ್ಲೆಯಲ್ಲಿ ಎಷ್ಟೋ ಇವೆ.

ಮರುದಿನ ತರಗತಿಗೆ ಹೋಗಿ ಆ ಹುಡುಗಿಗೆ ಉತ್ತರ ಹೇಳಿದೆ: "ಅವರು ಅರ್ಜಿ ಕೊಡದೆ ದಂಗೆಯೆದ್ದವರಲ್ಲ ಕಣೇ. ಅರ್ಜಿ ಓದುವವರಿಲ್ಲದೆ ದಂಗೆಯಾಯಿತು." ಆಮೇಲೆ ಪುಸ್ತಕ ಮುಚ್ಚಿಸಿ ಎಲ್ಲರಿಗೂ ಒಂದೊಂದು ಅರ್ಜಿ ಬರೆಯಲು ಹೇಳಿದೆ. ಪರೀಕ್ಷೆಗೆ ಬರೆಯುವ ಹಾಗೆ ಸುಳ್ಳು ಹೆಸರು, ಸುಳ್ಳು ಊರು ಬೇಡ, ನಿಮ್ಮ ಬೀದಿಯ ನಿಜವಾದ ತೊಂದರೆ ಬರೆಯಿರಿ ಎಂದೆ. ನಲ್ಲಿ, ಚರಂಡಿ, ದಾರಿದೀಪ, ಅಜ್ಜಿಯ ಪಿಂಚಣಿ, ಏನೇನೋ ಬಂದವು. ಒಂದೇ ಬೀದಿಯ ಆರು ಹುಡುಗಿಯರು ಬೇರೆ ಬೇರೆ ಬರೆದದ್ದನ್ನು ಹರಿದು ಹಾಕಿ, ಸೇರಿ ಒಂದೇ ಅರ್ಜಿ ಮಾಡಿ ಆರೂ ಜನ ರುಜು ಹಾಕಿಕೊಂಡು ಬಂದರು. ನಾನು ಹೇಳಿಕೊಟ್ಟದ್ದಲ್ಲ ಅದು.

ತಪ್ಪು ಒತ್ತಕ್ಷರ ಎರಡು ತಿದ್ದಿದೆ. "ನಕಲು ಇಟ್ಟುಕೊಂಡಿದ್ದೀರಾ?" ಎಂದು ಕೇಳಿದೆ. ಇಲ್ಲ ಎಂದರು. ಮತ್ತೆ ಕೂತು ಬರೆಯಿಸಿದೆ.